ನೋಡಿ ಬಂದ ಸಿನಿಮಾದ ಬಗ್ಗೆ ಮಾತಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಮುಗಿದ ಮೇಲೆ ಶುರುವಾಗುವ ಮಾತೂ ಸಿನಿಮಾದಷ್ಟೇ ಮುಖ್ಯ ಎಂದು ನಂಬುವವರು ಕೇಳಿದ ಪ್ರಶ್ನೆಗಳಿವು. ಕೆಲವು ಕಾಗದದಲ್ಲಿ ಬಂದವು, ಕೆಲವು ಪ್ರದರ್ಶನ ಮುಗಿದು ಎಲ್ಲರೂ ಹೊರಡುವಾಗ ಕೇಳಿದವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಉತ್ತರಗಳ ಹಿಂದೆ ನನ್ನದೊಂದು ನಿಲುವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟ ಆಯಿತು, ಆಗಲಿಲ್ಲ ಎನ್ನುವುದಕ್ಕೆ ಯಾರೂ ಯಾರಿಗೂ ಕಾರಣ ಕೊಡಬೇಕಿಲ್ಲ. ಆದರೆ ಸಿನಿಮಾ ಒಳ್ಳೆಯದು, ಕೆಟ್ಟದ್ದು ಎಂದ ಕೂಡಲೇ ಪರದೆಯ ಮೇಲಿನ ಯಾವುದಾದರೂ ಒಂದನ್ನು ಬೆರಳಿಟ್ಟು ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಪ್ರಶ್ನೆಗಳು ಸುಲಭದಿಂದ ಕಷ್ಟದ ಕಡೆಗೆ ಸಾಗುತ್ತವೆ. ಬೇಕಾದ್ದನ್ನಷ್ಟೇ ಆರಿಸಿ ಓದಿದರೂ ನಡೆಯುತ್ತದೆ.

## ಮಾತು ಶುರು ಮಾಡುವಾಗ

“ಹೇಗಿತ್ತು ಸಿನಿಮಾ ಅಂತ ಕೇಳಿದರೆ ‘ಚೆನ್ನಾಗಿತ್ತು’ ಬಿಟ್ಟು ಬೇರೇನೂ ಬಾಯಿಗೆ ಬರೋದಿಲ್ಲ. ಏನು ಮಾಡಲಿ?”

ಇಡೀ ಸಿನಿಮಾದ ಬಗ್ಗೆ ಹೇಳಲು ಹೋಗಬೇಡಿ. ಒಂದು ದೃಶ್ಯ ಹಿಡಿದುಕೊಳ್ಳಿ. ಹೊರಗೆ ಬಂದ ಮೇಲೂ ಕಣ್ಣಮುಂದೆ ಸುಳಿಯುವ ದೃಶ್ಯ ಒಂದಾದರೂ ಇರುತ್ತದೆ. ಅದು ಕ್ಲೈಮ್ಯಾಕ್ಸೇ ಆಗಬೇಕಿಲ್ಲ, ಯಾರೋ ಬಾಗಿಲು ಹಾಕಿಕೊಳ್ಳುವ ಹತ್ತು ಸೆಕೆಂಡಿನ ಶಾಟ್ ಆದರೂ ಸರಿ. ಅದರಲ್ಲಿ ಏನು ಕಂಡಿತು, ಏನು ಕೇಳಿಸಿತು, ಎಷ್ಟು ಹೊತ್ತು ನಿಂತಿತು ಎಂದು ಹೇಳಿ. ಆಮೇಲೆ ನಿಮಗೇನಾಯಿತು ಎಂದು ಹೇಳಿ.

“ಅಪ್ಪ ಮಗಳ ಜಗಳ ಸೂಪರ್” ಅಂದರೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. “ಜಗಳದ ಉದ್ದಕ್ಕೂ ಕ್ಯಾಮೆರಾ ಅಪ್ಪನ ಬೆನ್ನ ಹಿಂದೆಯೇ ಇತ್ತು. ಅವನ ಮುಖ ಒಮ್ಮೆಯೂ ಕಾಣಲಿಲ್ಲ, ಮಗಳ ಮುಖವೊಂದೇ ಕಂಡಿತು. ಅದಕ್ಕೇ ನನಗೆ ಅವಳ ಮೇಲೆ ಅಷ್ಟು ಮರುಕ ಬಂತು” ಅಂದರೆ ಒಪ್ಪದವರಿಗೂ ಮಾತು ಮುಂದುವರಿಸಲು ಏನೋ ಸಿಗುತ್ತದೆ. ಅಷ್ಟೂ ತೋಚದಿದ್ದರೆ ಬೇಸರ ಬಂದ ಕ್ಷಣದಿಂದ ಶುರು ಮಾಡಿ. ಎಲ್ಲಿ ನೀವು ಗಡಿಯಾರ ನೋಡಿಕೊಂಡಿರಿ? ಆ ದೃಶ್ಯಕ್ಕೆ ಸ್ವಲ್ಪ ಮುಂಚೆ ಸಿನಿಮಾದಲ್ಲಿ ಏನು ನಡೆದಿತ್ತು?

“ನನಗೆ ಶಾಟು, ಲೆನ್ಸು, ಎಡಿಟಿಂಗು ಯಾವುದೂ ಗೊತ್ತಿಲ್ಲ. ನಾನು ಅಭಿಪ್ರಾಯ ಹೇಳಬಹುದಾ?”

ಖಂಡಿತ ಹೇಳಬಹುದು. ನಾಟ್ಯಶಾಸ್ತ್ರ ಪ್ರೇಕ್ಷಕನ ಲಕ್ಷಣಗಳನ್ನು ಪಟ್ಟಿ ಮಾಡುವಾಗ ಕಲೆ ಶಾಸ್ತ್ರಗಳ ಅರಿವನ್ನು ಸೇರಿಸುತ್ತದೆ, ನಿಜ. ಜೊತೆಗೇ ಪಾತ್ರದ ಸಂತೋಷಕ್ಕೆ ಸಂತೋಷಪಡುವವನು, ಶೋಕಕ್ಕೆ ಶೋಕಿಸುವವನು ಪ್ರೇಕ್ಷಕ ಎನ್ನುತ್ತದೆ. ಈ ಎಲ್ಲ ಗುಣಗಳೂ ಒಬ್ಬನಲ್ಲೇ ಇರುವುದಿಲ್ಲ ಎಂದೂ ಅದೇ ಒಪ್ಪಿಕೊಳ್ಳುತ್ತದೆ. ನನಗೆ ಈ ಮಾತು ತುಂಬ ನೆಮ್ಮದಿ ಕೊಡುತ್ತದೆ. ಪಾರಿಭಾಷಿಕ ಪದ ಗೊತ್ತಿಲ್ಲದಿದ್ದರೆ ಕಂಡದ್ದನ್ನು ಕಂಡ ಹಾಗೆ ಹೇಳಿ. “ಕ್ಯಾಮೆರಾ ಅಲ್ಲಾಡದೆ ತುಂಬಾ ಹೊತ್ತು ನಿಂತಿತ್ತು” ಎಂಬ ಮಾತು ಯಾವ ಪಾರಿಭಾಷಿಕ ಪದಕ್ಕೂ ಕಡಿಮೆಯಿಲ್ಲ. ಪದ ಗೊತ್ತಿದ್ದು ದೃಶ್ಯ ನೆನಪಿಲ್ಲದವರ ಮಾತಿಗಿಂತ ಅದು ಎಷ್ಟೋ ಮೇಲು.

“ಸ್ಪಾಯ್ಲರ್ ಅಂದರೆ ಎಲ್ಲಿಂದ ಶುರು? ಕಥೆ ಹೇಳದೆ ಸಿನಿಮಾ ಬಗ್ಗೆ ಮಾತಾಡೋದು ಹೇಗೆ?”

ಕಥೆಯ ಆರಂಭದ ಸ್ಥಿತಿ, ಅಂದರೆ ಯಾರು, ಎಲ್ಲಿ, ಯಾವ ತೊಡಕಿನಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದನ್ನು ಹೇಳಿದರೆ ತೊಂದರೆಯಿಲ್ಲ. ಅದರಾಚೆ ಹೋಗುವ ಮುಂಚೆ ಎದುರಿನವರನ್ನು ಕೇಳಿ: “ನೋಡಿದ್ದೀರಾ? ನೋಡುವ ಯೋಚನೆ ಇದೆಯಾ?” ಹಲವರು ಮರೆಯುವ ಒಂದು ಸಂಗತಿಯಿದೆ. “ಕೊನೆಯಲ್ಲೊಂದು ಟ್ವಿಸ್ಟ್ ಇದೆ, ಹೇಳಲ್ಲ ಬಿಡಿ” ಎನ್ನುವುದೂ ಸ್ಪಾಯ್ಲರೇ. ಅದನ್ನು ಕೇಳಿದವರು ಸಿನಿಮಾ ನೋಡುವುದನ್ನು ಬಿಟ್ಟು ಟ್ವಿಸ್ಟ್ ಹುಡುಕುತ್ತಾ ಕೂರುತ್ತಾರೆ.

ಗುಟ್ಟು ಕಾಯುವ ಈ ಕಾಳಜಿ ಹಳೆಯದು. 1960ರಲ್ಲಿ ‘ಸೈಕೋ’ ಬಿಡುಗಡೆಯಾದಾಗ ಅದರ ನಿರ್ದೇಶಕ ಹಿಚ್‌ಕಾಕ್, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಎಂದು ಥಿಯೇಟರುಗಳಿಗೆ ಕಟ್ಟುನಿಟ್ಟು ಮಾಡಿದ್ದರು. ಇನ್ನೊಂದು ಮಗ್ಗುಲೂ ಇದೆ. 2011ರಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಸಣ್ಣಕಥೆಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ, ಕೊನೆ ಮೊದಲೇ ಗೊತ್ತಿದ್ದ ಓದುಗರು ಸರಾಸರಿಯಲ್ಲಿ ಕಥೆಯನ್ನು ಇನ್ನೂ ಹೆಚ್ಚು ಮೆಚ್ಚಿದ್ದರು. ಹಾಗೆಂದು ಎಲ್ಲವನ್ನೂ ಹೇಳಿಬಿಡಬಹುದು ಎಂದು ನಾನು ಒಪ್ಪುವುದಿಲ್ಲ. ಮೊದಲ ಸಲ ನೋಡುವಾಗಿನ ಕುತೂಹಲ ಒಂದೇ ಸಲ ಸಿಗುವಂಥದ್ದು. ಗುಟ್ಟು ತಿಳಿದು ನೋಡುವ ಸುಖ ಎರಡನೇ ಸಲಕ್ಕೆ ಹೇಗೂ ಕಾದಿರುತ್ತದೆ. ಮೊದಲಿನದನ್ನು ಇನ್ನೊಬ್ಬರಿಂದ ಕಿತ್ತುಕೊಳ್ಳಲು ನಮಗೆ ಅಧಿಕಾರವಿಲ್ಲ.

“ಹೊರಗೆ ಬಂದ ಕೂಡಲೇ ಹೇಳಿದ ಅಭಿಪ್ರಾಯ ಸರಿಯಾ, ಎರಡು ದಿನ ಬಿಟ್ಟು ಹೇಳಿದ್ದು ಸರಿಯಾ?”

ಎರಡೂ ಬೇಕು, ಆದರೆ ಎರಡೂ ಒಂದೇ ಅಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿಕೊಟ್ಟ ಹಾಗೆ, ನಾವು ಒಂದು ಅನುಭವವನ್ನು ನೆನಪಿಟ್ಟುಕೊಳ್ಳುವುದು ಮುಖ್ಯವಾಗಿ ಅದರ ಅತಿ ತೀವ್ರ ಕ್ಷಣದಿಂದ ಮತ್ತು ಕೊನೆಯಿಂದ. ಅದು ಎಷ್ಟು ಹೊತ್ತು ನಡೆಯಿತು ಎಂಬುದು ಲೆಕ್ಕಕ್ಕೆ ಬರುವುದು ಕಡಿಮೆ. ಸಿನಿಮಾಕ್ಕೆ ಇದನ್ನು ಹಚ್ಚಿ ನೋಡಿ. ಒಂದೂವರೆ ಗಂಟೆ ಸಪ್ಪೆಯಾಗಿ ನಡೆದು ಕೊನೆಯ ಹದಿನೈದು ನಿಮಿಷ ಕಣ್ಣೀರು ತರಿಸಿದ ಚಿತ್ರ ಹೊರಬಂದಾಗ ಅದ್ಭುತ ಅನಿಸುತ್ತದೆ. ಅಚ್ಚುಕಟ್ಟಾಗಿ ಸಾಗಿ ಕ್ಲೈಮ್ಯಾಕ್ಸ್‌ನಲ್ಲಿ ಎಡವಿದ್ದು “ವೇಸ್ಟ್” ಅನಿಸುತ್ತದೆ. ಕೂಡಲೇ ಹುಟ್ಟಿದ ಭಾವವನ್ನು ಎರಡು ಸಾಲು ಬರೆದಿಟ್ಟುಕೊಳ್ಳಿ, ಆ ಬಿಸಿ ಮತ್ತೆ ಬರುವುದಿಲ್ಲ. ತೀರ್ಪನ್ನು ಮಾತ್ರ ಒಂದು ರಾತ್ರಿ ಕಳೆಯಲು ಬಿಡಿ, ಮಧ್ಯದ ಒಂದು ಗಂಟೆಯಲ್ಲಿ ಏನೇನು ನಡೆಯಿತು ಎಂದು ನೆನಪಿಸಿಕೊಂಡು ಆಮೇಲೆ ಹೇಳಿ.

“ಅರ್ಧಕ್ಕೇ ಎದ್ದು ಬಂದೆ. ನನ್ನ ಮಾತು ಲೆಕ್ಕಕ್ಕೆ ಬರುತ್ತಾ?”

ಬರುತ್ತದೆ, ಅರ್ಧಕ್ಕೇ ಎದ್ದು ಬಂದೆ ಎಂದು ಮೊದಲೇ ಹೇಳಿದರೆ. ನೋಡಿದಷ್ಟರ ಬಗ್ಗೆ ಮಾತ್ರ ಹೇಳಿ. ನೋಡದ ಅರ್ಧದ ಬಗ್ಗೆ ಊಹೆ ಬೇಡ.

## ಇಷ್ಟ, ಅಂಕ, ವಾದ

“ಎಲ್ಲರೂ ಹೊಗಳಿದ ಸಿನಿಮಾ ನನಗೆ ಹಿಡಿಸಲೇ ಇಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?”

ಇಲ್ಲ. ಆದರೆ ಹಿಡಿಸದೇ ಇದ್ದದ್ದು ಏಕೆ ಎಂದು ಹುಡುಕಿ, ಅಲ್ಲಿ ನಿಮಗೆ ಬೇಕಾದ ಮಾಹಿತಿ ಇದೆ. ನಾನು ನೋಡಿದ ಹಾಗೆ ಹೆಚ್ಚಿನ ಸಲ ಕಾರಣ ನಿರೀಕ್ಷೆ. ಮೂರು ಜನ “ಜೀವನದಲ್ಲಿ ಇಂಥ ಸಿನಿಮಾ ನೋಡಿಲ್ಲ” ಎಂದ ಮೇಲೆ ಹೋದವರಿಗೆ ಒಳ್ಳೆಯ ಚಿತ್ರವೂ ಸಾಧಾರಣವಾಗಿ ಕಾಣುತ್ತದೆ. ಟ್ರೇಲರ್ ನೋಡಿ ಥ್ರಿಲ್ಲರ್ ಎಂದುಕೊಂಡು ಹೋದಾಗ ಎದುರಾದದ್ದು ಒಂದು ಸಂಸಾರದ ದುಃಖದ ಕಥೆಯಾಗಿದ್ದರೆ ಬೇಸರ ಸಹಜ, ಅದರ ಹೊಣೆ ಸಿನಿಮಾದ್ದಲ್ಲ. ವಯಸ್ಸೂ ಒಂದು ಕಾರಣ. ತರುಣರಿಗೆ ಶೃಂಗಾರದಲ್ಲಿ ಮನಸ್ಸು, ವಿರಾಗಿಗಳಿಗೆ ಮೋಕ್ಷದಲ್ಲಿ, ಶೂರರಿಗೆ ಕಾಳಗದಲ್ಲಿ ಎಂದು ನಾಟ್ಯಶಾಸ್ತ್ರದಲ್ಲಿ ಭರತ ಆಗಲೇ ಹೇಳಿದ್ದಾನೆ.

ಇವೆಲ್ಲ ಕಳೆದ ಮೇಲೂ ಹಿಡಿಸದಿದ್ದರೆ ನಿಮ್ಮ ಭಿನ್ನಾಭಿಪ್ರಾಯ ನಿಜವಾದದ್ದು. ಅಂಜದೆ ಹೇಳಿ. ಗುಂಪಿನಲ್ಲಿ ಒಬ್ಬರಾದರೂ “ನನಗೆ ಹಾಗನಿಸಲಿಲ್ಲ” ಎಂದರೆ ಉಳಿದವರಿಗೂ ತಮ್ಮ ಮೆಚ್ಚುಗೆಗೆ ಕಾರಣ ಹುಡುಕುವ ಅವಕಾಶ ಸಿಗುತ್ತದೆ.

“ಶೇಕಡಾ 90 ಅಂತ ಇತ್ತು, ನೋಡಿದರೆ ಸಾಧಾರಣ. ಈ ಅಂಕಗಳನ್ನು ನಂಬಬಹುದಾ?”

ಯಾವ ಅಂಕ ಏನನ್ನು ಅಳೆಯುತ್ತದೆ ಎಂದು ತಿಳಿದರೆ ನಂಬಬಹುದು. ವಿಮರ್ಶೆಗಳನ್ನು ಒಟ್ಟುಮಾಡುವ ಜಾಲತಾಣ ರಾಟನ್ ಟೊಮೇಟೋಸ್‌ನ ಶೇಕಡಾ ಸಂಖ್ಯೆ ಸಿನಿಮಾದ ಗುಣಮಟ್ಟದ ಅಂಕವಲ್ಲ. ಎಷ್ಟು ಪಾಲು ವಿಮರ್ಶಕರು ಒಟ್ಟಾರೆ ಮೆಚ್ಚಿದರು ಎಂಬ ಎಣಿಕೆ. ನೂರು ವಿಮರ್ಶಕರೂ “ಪರವಾಗಿಲ್ಲ, ಒಮ್ಮೆ ನೋಡಬಹುದು” ಎಂದರೆ ಆ ಚಿತ್ರಕ್ಕೆ ಶೇಕಡಾ 100 ಬರುತ್ತದೆ. ಎಪ್ಪತ್ತು ಜನ ಮಹಾಕೃತಿ ಎಂದು ಕುಣಿದಾಡಿ ಮೂವತ್ತು ಜನ ಸಹಿಸಲಿಲ್ಲವೆಂದರೆ 70. ನನ್ನನ್ನು ಕೇಳಿದರೆ ಎರಡನೆಯದನ್ನೇ ಮೊದಲು ನೋಡಿ ಎನ್ನುತ್ತೇನೆ. ಅಂಥದ್ದೇ ಇನ್ನೊಂದು ಜಾಲತಾಣ ಮೆಟಾಕ್ರಿಟಿಕ್ ಹಾಗಲ್ಲ, ಅದು ವಿಮರ್ಶೆಗಳನ್ನು ಅಂಕಗಳಾಗಿ ಪರಿವರ್ತಿಸಿ, ಕೆಲವಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯಲ್ಲಿ ಅಂಕ ಹಾಕುವವರು ಪ್ರೇಕ್ಷಕರು. ಅಲ್ಲೂ ಸಾದಾ ಸರಾಸರಿಯ ಬದಲು ತೂಕ ಹಾಕಿದ ಸರಾಸರಿಯೇ ಕಾಣುವುದು. ಸಿನಿಮಾಸ್ಕೋರ್ ಎಂಬ ಅಮೆರಿಕದ ಸಂಸ್ಥೆ ಬಿಡುಗಡೆಯ ಮೊದಲ ರಾತ್ರಿಯೇ ಪ್ರೇಕ್ಷಕರನ್ನು ಕೇಳಿ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡುತ್ತದೆ. ಮೊದಲ ರಾತ್ರಿಯೇ ಹೋಗುವವರು ಆಸೆಯಿಂದ ಹೋದವರು ಎಂಬುದನ್ನು ಮರೆಯದೆ ಅದನ್ನು ಓದಬೇಕು.

“ಹಾಗಾದರೆ ನಾನು ಹತ್ತಕ್ಕೆ ಇಷ್ಟು ಅಂತ ಕೊಡಲೇಬಾರದಾ?”

ಕೊಡಿ, ನಿಮ್ಮ ನೆನಪಿಗೆ ಅನುಕೂಲ. ಆದರೆ ನಿಮ್ಮ ಏಳು ಇನ್ನೊಬ್ಬರ ಏಳಲ್ಲ. ಅಂಕದ ಜೊತೆ ಒಂದು ವಾಕ್ಯ ಇರಲಿ. ಹಾಸ್ಯಚಿತ್ರಕ್ಕೆ ಕೊಟ್ಟ ಎಂಟನ್ನೂ ಯುದ್ಧದ ಸಾಕ್ಷ್ಯಚಿತ್ರಕ್ಕೆ ಕೊಟ್ಟ ಎಂಟನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಡಿ.

“ಸಿನಿಮಾ ವಿಷಯ ಬಂದರೆ ನಮ್ಮ ಗೆಳೆಯರ ಗುಂಪಿನಲ್ಲಿ ಜಗಳವೇ ಆಗಿಬಿಡುತ್ತೆ. ತಪ್ಪಿಸೋದು ಹೇಗೆ?”

ಮೊದಲು ಸಿನಿಮಾದಲ್ಲಿ ಏನು ನಡೆಯಿತು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ. “ಅವಳು ಕ್ಷಮಿಸಿದ್ದು ನಂಬುವಂತಿಲ್ಲ” ಎಂದು ಒಬ್ಬರು, “ನಂಬುವಂತಿದೆ” ಎಂದು ಇನ್ನೊಬ್ಬರು ಗಂಟೆಗಟ್ಟಲೆ ಎಳೆದಾಡುತ್ತಾರೆ. ಕೊನೆಗೆ ನೋಡಿದರೆ ಅವಳು ಕ್ಷಮಿಸಿಯೇ ಇರುವುದಿಲ್ಲ, ಸುಮ್ಮನೆ ಎದ್ದು ಹೋಗಿರುತ್ತಾಳೆ. ಸಿನಿಮಾದ ನೆನಪು ಬೇಗ ಕಲಸಿಹೋಗುತ್ತದೆ. ಸಾಧ್ಯವಾದರೆ ಆ ದೃಶ್ಯವನ್ನು ಮತ್ತೆ ಹಾಕಿ ನೋಡಿ.

ಎರಡನೆಯದು, ಸಿನಿಮಾವನ್ನು ಎಷ್ಟು ಬೇಕಾದರೂ ಬೈಯಿರಿ, ಅದನ್ನು ಇಷ್ಟಪಟ್ಟವರನ್ನು ಬೈಯಬೇಡಿ. “ಇಂಥದ್ದನ್ನೆಲ್ಲ ಹೇಗೆ ನೋಡ್ತೀಯೋ” ಎಂಬ ಒಂದು ಮಾತಿಗೆ ಎದುರಿನವರು ಸಿನಿಮಾ ಬಿಟ್ಟು ತಮ್ಮನ್ನು ತಾವು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಸಿನಿಮಾದ ಮಾತೇ ಇರುವುದಿಲ್ಲ.

“ನಾನು ಆ ಹೀರೋ ಅಭಿಮಾನಿ. ನಾನೇನು ಹೇಳಿದರೂ ‘ನೀನು ಫ್ಯಾನ್ ಬಿಡು’ ಅಂತಾರೆ.”

ಅಭಿಮಾನ ದೊಡ್ಡ ಬಂಡವಾಳ. ಒಬ್ಬ ನಟನ ಎಲ್ಲ ಚಿತ್ರಗಳನ್ನೂ ಎರಡೆರಡು ಸಲ ನೋಡಿದವರಿಗೆ ಗೊತ್ತಿರುವುದು ವಿಮರ್ಶಕರಿಗೂ ಗೊತ್ತಿರುವುದಿಲ್ಲ: ಆ ನಗು ಯಾವ ಚಿತ್ರದಿಂದ ಬಂತು, ಆ ನಡಿಗೆಯನ್ನು ಎಲ್ಲಿ ಬಿಟ್ಟರು, ಯಾವ ನಿರ್ದೇಶಕರ ಕೈಯಲ್ಲಿ ಧ್ವನಿ ತಗ್ಗಿಸಿದರು. ಅದನ್ನು ಹೇಳಿ. “ಈ ಚಿತ್ರದಲ್ಲಿ ಹಳೆಯದನ್ನೇ ಮಾಡಿದ್ದಾರೆ” ಎಂದು ಅಭಿಮಾನಿಯೇ ಒಮ್ಮೆ ಹೇಳಿದರೆ, ಮುಂದಿನ ಸಲ ಅವರ ಹೊಗಳಿಕೆಯನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ.

## ಪರದೆಯನ್ನು ಗಮನಿಸುವಾಗ

“ಸ್ಲೋ ಇದೆ, ಎಳೆದಿದ್ದಾರೆ ಅಂದರೆ ಸಿನಿಮಾ ಗೊತ್ತಿಲ್ಲದವನು ಅಂತಾರೆ. ನಿಧಾನ ಅನ್ನೋದು ದೋಷ ಅಲ್ಲವಾ?”

ನಿಧಾನ ಬೇರೆ, ಲಾಗ್ ಬೇರೆ. ನಿಮ್ಮ ಕಿವಿಗೆ ಎರಡೂ ಒಂದೇ ಥರ ಕೇಳಿಸುವುದರಿಂದಲೇ ಜಗಳ. ದೃಶ್ಯ ತನ್ನ ಕೆಲಸ ಮುಗಿಸಿದ ಮೇಲೂ ಮುಂದುವರಿದರೆ, ಗೊತ್ತಿದ್ದನ್ನೇ ಮತ್ತೆ ಹೇಳಿದರೆ ಅದು ಲಾಗ್. ಬಿರುಸಿನ ಆ್ಯಕ್ಷನ್ ಚಿತ್ರದಲ್ಲೂ ಅದು ಬೇಕಾದಷ್ಟಿರುತ್ತದೆ, ನಾಲ್ಕನೇ ಚೇಸ್ ಮೂರನೆಯದು ಹೇಳಿದ್ದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ನಿಧಾನ ಎಂಬುದು ಒಂದು ಉಪಾಯ. ಶಾಂತಾಲ್ ಅಕರ್ಮನ್ 1975ರಲ್ಲಿ ಮಾಡಿದ ‘ಜ್ಹಾನ್ ಡೀಲ್‌ಮನ್’ 201 ನಿಮಿಷದ ಚಿತ್ರ. ಒಬ್ಬ ವಿಧವೆಯ ಮೂರು ದಿನಗಳ ಮನೆಗೆಲಸವನ್ನು ಅದು ಅಲ್ಲಾಡದ ಕ್ಯಾಮೆರಾದಲ್ಲಿ, ಬಹುಪಾಲು ಪೂರ್ತಿಯಾಗಿ ತೋರಿಸುತ್ತದೆ. ಆಲೂಗಡ್ಡೆ ಸಿಪ್ಪೆ ತೆಗೆಯುವುದನ್ನೂ ಕೂತು ನೋಡಬೇಕು. ಮೊದಲ ದಿನದ ಶಿಸ್ತನ್ನು ಅಷ್ಟು ಹೊತ್ತು ನೋಡಿದ್ದರಿಂದಲೇ ಎರಡನೇ ದಿನ ಆಲೂಗಡ್ಡೆ ಅತಿಯಾಗಿ ಬೆಂದುಹೋದಾಗ ನಮ್ಮ ಎದೆ ಧಸಕ್ಕೆನ್ನುತ್ತದೆ. ಅದೇ ಚಿತ್ರವನ್ನು 90 ನಿಮಿಷಕ್ಕೆ ಕತ್ತರಿಸಿದರೆ ಆ ಕ್ಷಣಕ್ಕೆ ಅರ್ಥವೇ ಇರುವುದಿಲ್ಲ. ಮೂರನೇ ದಿನ ಏನಾಗುತ್ತದೆ ಎಂದು ಇಲ್ಲಿ ಹೇಳುವುದಿಲ್ಲ. ಬ್ರಿಟಿಷ್ ಪತ್ರಿಕೆ ‘ಸೈಟ್ ಆ್ಯಂಡ್ ಸೌಂಡ್’ 2022ರಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಆರಿಸಲು ನಡೆಸಿದ ವಿಮರ್ಶಕರ ಮತದಾನದಲ್ಲಿ ಇದು ಮೊದಲ ಸ್ಥಾನ ಪಡೆಯಿತು.

ಹಾಗೆಂದು ನಿಮಗೆ ಬೇಸರವಾಗಲೇಬಾರದು ಎಂದೇನಿಲ್ಲ. “ಇಲ್ಲಿ ಕ್ಯಾಮೆರಾ ಇಷ್ಟು ಹೊತ್ತು ನಿಂತಿತು, ನನಗೆ ಹೊಸದೇನೂ ಸಿಗಲಿಲ್ಲ” ಎಂದರೆ ಅದು ನ್ಯಾಯವಾದ ದೂರು. ಬರೀ “ಸ್ಲೋ” ಎಂದರೆ ವೇಗದ ಅಳತೆಯಷ್ಟೇ ಆಯಿತು.

“ನಟನೆ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಅದನ್ನು ಗುರುತಿಸೋದು ಹೇಗೆ?”

ಮಾತಾಡುತ್ತಿರುವವರನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವರನ್ನು ನೋಡಿ. ಸಂಭಾಷಣೆ ಹೊಡೆಯುವುದು ಕಲಿತರೆ ಬರುತ್ತದೆ. ಎದುರಿನವರ ಮಾತು ತನ್ನೊಳಗೆ ಇಳಿಯುತ್ತಿದೆ ಎಂದು ಮುಖದಲ್ಲಿ ತೋರುವುದು ಕಷ್ಟ. ಅಳುವ ದೃಶ್ಯಕ್ಕಿಂತ ಅಳು ತಡೆಯುವ ದೃಶ್ಯದಲ್ಲಿ ನಟರ ಶಕ್ತಿ ಹೆಚ್ಚು ಗೊತ್ತಾಗುತ್ತದೆ.

ಆದರೂ ಒಂದು ಎಚ್ಚರ ಬೇಕು. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ನಟ ಇವಾನ್ ಮೋಜುಖಿನ್‌ನ ಒಂದೇ ಮುಖದ ಶಾಟ್ ಅನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಇಂಥ ಬೇರೆ ಬೇರೆ ಶಾಟ್‌ಗಳ ಪಕ್ಕ ಜೋಡಿಸಿದ. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನು, ಒಮ್ಮೆ ದುಃಖವನ್ನು ಕಂಡು ನಟನನ್ನು ಹೊಗಳಿದರು ಎಂಬುದು ಅವನ ಶಿಷ್ಯರಿಂದ ಬಂದ ವೃತ್ತಾಂತ. ನಾವು ನಟನೆ ಎಂದು ಮೆಚ್ಚುವುದರಲ್ಲಿ ಸಂಕಲನಕಾರರ ಪಾಲಿದೆ, ಹಿನ್ನೆಲೆ ಸಂಗೀತದ ಪಾಲಿದೆ. ಕಂಠದಾನ ಬೇರೆಯವರದ್ದಾಗಿದ್ದರೆ ಅವರ ಪಾಲೂ ಇದೆ. ಶಾಟ್ ಕತ್ತರಿಸದೆ ಉದ್ದಕ್ಕೆ ಬಿಟ್ಟ ಕಡೆ ನಟನ ಪಾಲು ಎಷ್ಟೆಂದು ಸ್ಪಷ್ಟವಾಗಿ ಕಾಣುತ್ತದೆ.

“ಲಾಜಿಕ್ ಇಲ್ಲ ಅಂದರೆ ‘ಸಿನಿಮಾನ ಸಿನಿಮಾ ಥರ ನೋಡು’ ಅಂತಾರೆ. ಯಾರು ಸರಿ?”

ಸಿನಿಮಾ ತನಗೆ ತಾನೇ ಹಾಕಿಕೊಂಡ ನಿಯಮವನ್ನು ಮುರಿದರೆ ನೀವು ಸರಿ. ನಿಮ್ಮ ಬೀದಿಯ ನಿಯಮವನ್ನು ಮುರಿದರೆ ಅವರು ಸರಿ. ಸಂಭವನೀಯವಾಗಿ ಕಾಣುವ ಅಸಾಧ್ಯವು ನಂಬಲಾಗದ ಸಾಧ್ಯಕ್ಕಿಂತ ಮೇಲು ಎಂದು ಅರಿಸ್ಟಾಟಲ್ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ. ಮನುಷ್ಯ ಹಾರುವುದು ಮೊದಲ ದೃಶ್ಯದಲ್ಲೇ ಇದ್ದರೆ ಒಪ್ಪಿಕೊಂಡೇ ಕೂರುತ್ತೇವೆ. ಎರಡು ಗಂಟೆ ನೆಲದ ಮೇಲಿದ್ದವನು ಕ್ಲೈಮ್ಯಾಕ್ಸ್‌ನಲ್ಲಿ ಹಾರಿದರೆ ಒಪ್ಪುವುದಿಲ್ಲ. ಪಾತ್ರದ ಸ್ವಭಾವದಲ್ಲಿ ಆಗುವ ಇಂಥ ಜಿಗಿತ ಹಾರಾಟಕ್ಕಿಂತ ದೊಡ್ಡ ದೋಷ. ಅದನ್ನು ಯಾರೂ ಲಾಜಿಕ್ ಎಂದು ಎತ್ತುವುದಿಲ್ಲ ಎಂಬುದು ನನ್ನ ದೂರು.

“ಮೊಬೈಲ್‌ನಲ್ಲಿ, ಮನೆ ಟಿವಿಯಲ್ಲಿ ನೋಡಿ ಛಾಯಾಗ್ರಹಣದ ಬಗ್ಗೆ ಹೇಳಬಹುದಾ?”

ಯಾವುದರಲ್ಲಿ ನೋಡಿದಿರಿ ಎಂದು ಸೇರಿಸಿ ಹೇಳಿ. ಚೌಕಟ್ಟಿನಲ್ಲಿ ಯಾರು ಎಲ್ಲಿದ್ದಾರೆ, ಬೆಳಕು ಎಲ್ಲಿಂದ ಬರುತ್ತಿದೆ ಎಂಬುದು ಚಿಕ್ಕ ಪರದೆಯಲ್ಲೂ ತಿಳಿಯುತ್ತದೆ. ವಿಶಾಲ ದೃಶ್ಯದಲ್ಲಿ ದೂರದ ಆಕೃತಿಯೊಂದು ನಡೆದು ಬರುವುದು ಮೊಬೈಲ್‌ನಲ್ಲಿ ಒಂದು ಚುಕ್ಕೆ, ಆ ದೃಶ್ಯ “ಎಳೆದಂತೆ” ಅನಿಸಿದರೆ ಆಶ್ಚರ್ಯವಿಲ್ಲ.

ಟಿವಿಯಲ್ಲಿ ನೋಡುವವರು ಒಂದು ಸೆಟ್ಟಿಂಗ್ ಪರೀಕ್ಷಿಸಿ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮುಗಳಲ್ಲಿ ಚಿತ್ರಿತವಾಗಿರುತ್ತದೆ. ಹಲವು ಟಿವಿಗಳು ಚಲನೆ ನುಣುಪಾಗಲಿ ಎಂದು ನಡುವೆ ಇಲ್ಲದ ಫ್ರೇಮುಗಳನ್ನು ತಾವೇ ಸೃಷ್ಟಿಸಿ ತುಂಬುತ್ತವೆ. ಆಗ ಕೋಟ್ಯಂತರ ಖರ್ಚಿನ ಚಿತ್ರವೂ ದೈನಿಕ ಧಾರಾವಾಹಿಯ ಹಾಗೆ ಕಾಣುತ್ತದೆ. “ಮೇಕಿಂಗ್ ಅಗ್ಗವಾಗಿದೆ” ಎಂಬ ದೂರುಗಳಲ್ಲಿ ಕೆಲವು ಟಿವಿಯ ಮೇಲೆ ಹೊರಿಸಬೇಕಾದವು. ಇದನ್ನು ಒಂದೇ ಗುಂಡಿಯಲ್ಲಿ ಆರಿಸಲೆಂದೇ 2019ರಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಬಂತು, ನಿಮ್ಮ ಟಿವಿಯಲ್ಲಿದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಮೋಷನ್ ಎಂಬ ಹೆಸರಿನ ಆಯ್ಕೆಗಳನ್ನು ಆಫ್ ಮಾಡಿ.

## ಇನ್ನೂ ಆಳಕ್ಕೆ

“ಕಾದಂಬರಿ ಓದಿದ್ದೇನೆ. ಸಿನಿಮಾದಲ್ಲಿ ಅರ್ಧಕ್ಕರ್ಧ ಬಿಟ್ಟಿದ್ದಾರೆ, ಬದಲಾಯಿಸಿದ್ದಾರೆ. ಇದು ಅನ್ಯಾಯ ಅಲ್ಲವಾ?”

ಬಿಟ್ಟದ್ದನ್ನು ಎಣಿಸುವುದರಿಂದ ಸಿನಿಮಾದ ಬಗ್ಗೆ ಏನೂ ತಿಳಿಯುವುದಿಲ್ಲ. ಬಿಟ್ಟ ಜಾಗದಲ್ಲಿ ಏನಿಟ್ಟರು ಎಂದು ಕೇಳಿ. ಸ್ಟೀಫನ್ ಕಿಂಗ್ ತಮ್ಮ ಕಾದಂಬರಿ ‘ದಿ ಶೈನಿಂಗ್’ ಅನ್ನು ನಿರ್ದೇಶಕ ಕ್ಯೂಬ್ರಿಕ್ 1980ರಲ್ಲಿ ಸಿನಿಮಾ ಮಾಡಿದ ರೀತಿಯನ್ನು ಒಪ್ಪಲಿಲ್ಲ. 1997ರಲ್ಲಿ ತಾವೇ ಚಿತ್ರಕಥೆ ಬರೆದು, ಕಾದಂಬರಿಗೆ ಹತ್ತಿರವಾದ ಟಿವಿ ಸರಣಿಯಾಗಿ ತಂದರು. ನಿಷ್ಠೆಯನ್ನೇ ಅಳತೆಗೋಲು ಮಾಡಿಕೊಂಡರೆ ಸರಣಿ ಗೆಲ್ಲಬೇಕು. ಆದರೆ ಇವತ್ತಿಗೂ ಜನ ಶಾಟ್ ಶಾಟ್ ಬಿಡಿಸಿ ಮಾತಾಡುವುದು ಕ್ಯೂಬ್ರಿಕ್‌ನ ಚಿತ್ರವನ್ನು. ಕಿಂಗ್ ಅವರ ನೋವೂ ನಿಜ, ತಂದೆಯ ಪಾತ್ರದ ಒಳ್ಳೆಯತನವನ್ನು ಸಿನಿಮಾ ಬಹುಮಟ್ಟಿಗೆ ಕೈಬಿಟ್ಟಿದೆ. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬಹುದು, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

“ಸಿನಿಮಾ ಕೆಟ್ಟರೆ ನಿರ್ದೇಶಕರನ್ನೇ ಬೈಯೋದು, ಗೆದ್ದರೆ ಅವರನ್ನೇ ಹೊಗಳೋದು ಸರಿಯಾ?”

ನಿರ್ದೇಶಕರೇ ಸಿನಿಮಾದ ಕರ್ತೃ ಎಂಬ ವಾದಕ್ಕೆ ಬಲ ಬಂದದ್ದು ಫ್ರಾನ್ಸ್‌ನ ಯುವ ವಿಮರ್ಶಕರಿಂದ. ಅದರಲ್ಲೂ ಫ್ರಾನ್ಸ್ವಾ ತ್ರೂಫೊ 1954ರಲ್ಲಿ ಬರೆದ ಲೇಖನದಿಂದ. ಆ ವಾದ ನಮಗೆ ಒಬ್ಬ ನಿರ್ದೇಶಕರ ಚಿತ್ರಗಳನ್ನು ಸಾಲಾಗಿಟ್ಟು ನೋಡುವುದನ್ನು ಕಲಿಸಿತು, ಅದಕ್ಕೆ ಋಣಿಯಾಗಿರಬೇಕು. ಆದರೆ ಸಿನಿಮಾ ಹಲವು ಕೈಗಳಿಂದ ಆಗುವಂಥದ್ದು. ‘ಸೈಕೋ’ದ ಸ್ನಾನದಮನೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದವರು ಹಿಚ್‌ಕಾಕ್. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಪಿಟೀಲುಗಳ ಆ ಕಿರುಚನ್ನು ಬರೆದು ಕೇಳಿಸಿದ ಮೇಲೆ ಅವರೇ ಮನಸ್ಸು ಬದಲಿಸಿದರು. ಆ ದೃಶ್ಯವನ್ನು ನೆನೆದಾಗ ಮೊದಲು ಕೇಳಿಸುವುದು ಅದೇ ಕಿರುಚು.

ಕೆಲವೊಮ್ಮೆ ನಿರ್ದೇಶಕರ ಕೈಯಿಂದ ಸಿನಿಮಾ ಜಾರಿಹೋಗಿರುತ್ತದೆ. ಆರ್ಸನ್ ವೆಲ್ಸ್ ಬ್ರೆಜಿಲ್‌ನಲ್ಲಿದ್ದಾಗ ಅವರ 1942ರ ‘ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್‌ಸನ್ಸ್’ ಚಿತ್ರದ 40ಕ್ಕೂ ಹೆಚ್ಚು ನಿಮಿಷಗಳನ್ನು ಸ್ಟುಡಿಯೋ ಕತ್ತರಿಸಿ, ಕೊನೆಯನ್ನು ಬೇರೆಯಾಗಿ ಚಿತ್ರಿಸಿ ಅಂಟಿಸಿತು. ಕತ್ತರಿಸಿದ ಭಾಗ ಉಳಿದೇ ಇಲ್ಲ. ‘ಬ್ಲೇಡ್ ರನ್ನರ್’ 1982ರಲ್ಲಿ ನಾಯಕನ ಹಿನ್ನೆಲೆ ನಿರೂಪಣೆ ಮತ್ತು ಸುಖಾಂತದೊಂದಿಗೆ ಬಂತು. 1992ರ ಆವೃತ್ತಿಯಲ್ಲಿ ಅವೆರಡೂ ಇಲ್ಲ, 2007ರಲ್ಲಿ ಇನ್ನೊಂದು ಬಂತು. ಹಾಗಾಗಿ ಇಬ್ಬರು ಒಂದೇ ಹೆಸರಿನ ಚಿತ್ರದ ಕೊನೆಯ ಬಗ್ಗೆ ವಾದ ಮಾಡುವ ಮುಂಚೆ, ಯಾವ ಆವೃತ್ತಿ ನೋಡಿದಿರಿ ಎಂದು ಪರಸ್ಪರ ಕೇಳಿಕೊಳ್ಳುವುದು ಒಳ್ಳೆಯದು.

“ಚೆನ್ನಾಗಿ ತೆಗೆದಿದ್ದಾರೆ, ಆದರೆ ಅದು ಹೇಳೋದು ನನಗೆ ತಪ್ಪು ಅನಿಸುತ್ತೆ. ಇಂಥ ಸಿನಿಮಾನ ಹೊಗಳಬೇಕಾ, ಬೈಯಬೇಕಾ?”

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಅತ್ಯಂತ ಕಷ್ಟದ್ದು. ಮೊದಲು ಒಂದನ್ನು ಬಿಡಿಸಿಕೊಳ್ಳೋಣ. ಕ್ರೌರ್ಯವನ್ನು ತೋರಿಸುವುದು ಬೇರೆ, ಕ್ರೌರ್ಯದ ಪಕ್ಷ ವಹಿಸುವುದು ಬೇರೆ. ಎರಡನ್ನೂ ಗುರುತಿಸಲು ಪರದೆಯಲ್ಲೇ ಗುರುತುಗಳಿರುತ್ತವೆ. ಹೊಡೆಯುವವನ ಜೊತೆ ಕ್ಯಾಮೆರಾ ನಿಂತಿದೆಯೋ, ಹೊಡೆಸಿಕೊಂಡವರ ಜೊತೆಯೋ? ಆ ಹೊತ್ತಿಗೆ ಸಂಗೀತ ಏರುತ್ತದೆಯೋ, ಸುಮ್ಮನಾಗುತ್ತದೆಯೋ? ಪೆಟ್ಟು ತಿಂದ ಪಾತ್ರ ಮುಂದಿನ ದೃಶ್ಯಗಳಲ್ಲಿ ನೋಯುತ್ತಾ ಉಳಿಯುತ್ತದೆಯೋ, ಕಥೆ ಅದನ್ನು ಅಲ್ಲಿಗೇ ಮರೆಯುತ್ತದೆಯೋ? ಈ ಮೂರನ್ನು ನೋಡದೆ “ಇಂಥದ್ದನ್ನು ತೋರಿಸಿದ್ದೇ ತಪ್ಪು” ಎನ್ನುವುದೂ, “ಬರೀ ಪಾತ್ರ, ಬಿಡಿ” ಎನ್ನುವುದೂ ಸಿನಿಮಾ ನೋಡದೆ ಆಡಿದ ಮಾತಾಗುತ್ತದೆ.

ಪಕ್ಷ ವಹಿಸಿದೆ ಎಂದು ಖಾತ್ರಿಯಾದ ಮೇಲೆ ಕೌಶಲವನ್ನು ನೆಪ ಮಾಡಿ ತಪ್ಪಿಸಿಕೊಳ್ಳಬಾರದು. ಡಿ. ಡಬ್ಲ್ಯು. ಗ್ರಿಫಿತ್‌ನ 1915ರ ‘ದಿ ಬರ್ತ್ ಆಫ್ ಎ ನೇಶನ್’ ಆ ಕಾಲಕ್ಕೆ ಅಪೂರ್ವ ಪ್ರಮಾಣದ ಚಿತ್ರ. ಒಂದು ಕಡೆ ಅಪಾಯ, ಇನ್ನೊಂದು ಕಡೆ ಧಾವಿಸಿ ಬರುವ ರಕ್ಷಕರು, ಇವೆರಡನ್ನು ಹೆಣೆಯುವ ಅದರ ಸಂಕಲನ ಇವತ್ತಿಗೂ ಉಸಿರು ಬಿಗಿ ಹಿಡಿಸುತ್ತದೆ. ಆ ರಕ್ಷಕರು ಯಾರು? ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಪ್ತ ಸಂಘಟನೆ, ಕು ಕ್ಲಕ್ಸ್ ಕ್ಲಾನ್. ಕಪ್ಪು ಜನರ ಸಂಘಟನೆಗಳು ಆಗಲೇ ಪ್ರತಿಭಟಿಸಿದವು, ಅದೇ ವರ್ಷ ಕ್ಲಾನ್ ಮತ್ತೆ ಹುಟ್ಟಿಕೊಂಡಿತು, ಮುಂದೆ ಜನರನ್ನು ಸೇರಿಸಿಕೊಳ್ಳಲು ಇದೇ ಚಿತ್ರವನ್ನು ಬಳಸಿತು. ಇಲ್ಲಿ “ಸಂಕಲನ ಅದ್ಭುತ, ವಿಷಯ ಕೆಟ್ಟದ್ದು” ಎಂದು ಎರಡು ಖಾನೆ ಮಾಡಿ ಕೂಡುವುದು ಸಾಧ್ಯವಿಲ್ಲ. ಸಂಕಲನ ಅದ್ಭುತವಾಗಿದ್ದರಿಂದಲೇ ಅದರ ಕೇಡು ಅಷ್ಟು ದೂರ ಹಬ್ಬಿತು. ನಾನು ಇಂಥ ಚಿತ್ರದ ಬಗ್ಗೆ ಮಾತಾಡುವಾಗ ಕೌಶಲ ಯಾವ ಕೆಲಸಕ್ಕೆ ದುಡಿಯಿತು ಎಂಬುದನ್ನು ಅದೇ ವಾಕ್ಯದಲ್ಲಿ ಹೇಳುತ್ತೇನೆ. ಮುಂದಿನ ಪ್ಯಾರಾಕ್ಕೆ ಬಿಡುವುದಿಲ್ಲ.

“ಹಿಂದೆ ಹೊಗಳಿದ್ದ ಸಿನಿಮಾ ಈಗ ನೋಡಿದರೆ ಸಪ್ಪೆ. ಬೈದದ್ದು ಈಗ ಇಷ್ಟ. ಹಳೆಯ ಅಭಿಪ್ರಾಯ ಸುಳ್ಳಾಗಿತ್ತಾ?”

ಸುಳ್ಳಲ್ಲ, ಆ ದಿನದ ನಿಮಗೆ ಅದು ನಿಜ. ಒಂದಿಡೀ ಪೀಳಿಗೆಯ ಅಭಿಪ್ರಾಯವೂ ಹೀಗೆ ತಿರುಗುತ್ತದೆ. ಜ್ಹಾನ್ ರೆನ್ವಾರ ‘ದಿ ರೂಲ್ಸ್ ಆಫ್ ದಿ ಗೇಮ್’ 1939ರಲ್ಲಿ ಪ್ಯಾರಿಸ್‌ನಲ್ಲಿ ತೆರೆಕಂಡಾಗ ಪ್ರೇಕ್ಷಕರು ರೇಗಾಡಿದರು. ರೆನ್ವಾ ತಾವೇ ಕತ್ತರಿಸಿ ಚಿಕ್ಕದು ಮಾಡಿದರೂ ಉಪಯೋಗವಾಗಲಿಲ್ಲ, ಅದೇ ವರ್ಷ ಸರ್ಕಾರ ನಿಷೇಧಿಸಿತು. ಮೂಲ ನೆಗೆಟಿವ್ ಯುದ್ಧದ ಬಾಂಬಿಗೆ ನಾಶವಾಯಿತು. ಸಿಕ್ಕ ತುಣುಕುಗಳನ್ನು ಜೋಡಿಸಿ 1959ರಲ್ಲಿ ಮತ್ತೆ ತೋರಿಸಿದ ಮೇಲೆ ಅದು ಜಗತ್ತಿನ ಶ್ರೇಷ್ಠ ಚಿತ್ರಗಳ ಸಾಲಿಗೆ ಸೇರಿತು. ‘ವರ್ಟಿಗೊ’ 1958ರಲ್ಲಿ ಬಂದಾಗ ವಿಮರ್ಶಕರು ಅರೆಮನಸ್ಸಿನಿಂದ ಮಾತಾಡಿದ್ದರು. ‘ಸೈಟ್ ಆ್ಯಂಡ್ ಸೌಂಡ್’ನ 1962 ಮತ್ತು 1972ರ ಮತದಾನಗಳ ಮೊದಲ ಹತ್ತರಲ್ಲಿ ಅದರ ಹೆಸರೇ ಇರಲಿಲ್ಲ, 2012ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಚಿತ್ರದಲ್ಲಿ ಒಂದು ಫ್ರೇಮೂ ಬದಲಾಗಿರಲಿಲ್ಲ.

ಎರಡನೇ ಸಲ ನೋಡುವ ಮುಂಚೆ ಹಳೆಯ ಟಿಪ್ಪಣಿ ಇದ್ದರೆ ತೆಗೆದು ಓದಬೇಡಿ, ನೋಡಿದ ಮೇಲೆ ಓದಿ. ಮೊದಲ ಸಲ ಕಥೆಯ ಹಿಂದೆ ಓಡಿದ ಕಣ್ಣಿಗೆ ಈಗ ಬಿಡುವು ಸಿಕ್ಕಿರುತ್ತದೆ. ಅದು ಯಾವ ಪಾತ್ರದ ಕಡೆ ಹೋಯಿತು ಎಂದು ಬರೆದಿಡಿ. ಅಭಿಪ್ರಾಯ ಬದಲಾಗಿದ್ದರೆ ಮೊದಲು ಯಾರಿಗೆ ಹೊಗಳಿ ಅಥವಾ ಬೈದು ಹೇಳಿದ್ದಿರೋ ಅವರಿಗೆ ಫೋನ್ ಮಾಡಿ ಹೇಳಿ, ಯಾವ ದೃಶ್ಯ ಈ ಸಲ ಬೇರೆಯಾಗಿ ಕಂಡಿತು ಎಂಬುದನ್ನೂ ಸೇರಿಸಿ.